ಜೈತುನಳ ಗಾಡಿಯ ಸ್ಟ್ಯಾಂಡು

ಅವತ್ತು ಜೈತುನಳ ಸ್ಕೂಟಿಯ ಸೈಡ್ ಸ್ಟ್ಯಾಂಡು ಕೆಳಗೆ ಇಳಿದೇ ಇತ್ತು. ನಾನು ಅದನ್ನು ಕಣ್ಣಾರೆ ನೋಡಿದೆ. ನೋಡಿಯೂ ಸುಮ್ಮನಿದ್ದೆ. ನನ್ನ ತಪ್ಪು ಇಷ್ಟೇ — ಬರೆದರೆ ಮೂರು ಸಾಲು. ಇದನ್ನು ಬಾಯಿ ಬಿಟ್ಟು ಹೇಳುವುದಕ್ಕೆ ನನಗೆ ಏಳೆಂಟು ವರ್ಷ ಬೇಕಾಯಿತು. ಅಷ್ಟರೊಳಗೆ ಗಟ್ಟಿಗಿತ್ತಿಯಾದ ಒಬ್ಬ ಹೆಂಗಸು ತನ್ನ ತಲೆಯ ಮೇಲೆ ತಾನೇ ನಂಬಿಕೆ ಕಳೆದುಕೊಂಡುಬಿಟ್ಟಿದ್ದಳು.

ನಮ್ಮ ಗಂಗಾವತಿಯ ಕಡೆ ಯಾರದಾದರೂ ಗಾಡಿಯ ಸ್ಟ್ಯಾಂಡು ಇಳಿದದ್ದು ಕಂಡರೆ ಸುಮ್ಮನೆ ಬಿಡುವ ಪದ್ಧತಿಯೇ ಇಲ್ಲ. ಚಹಾ ಕುಡಿಯುತ್ತಾ ಕೂತವನು ಎದ್ದು ನಿಂತು ಕೂಗುತ್ತಾನೆ. ಬಸ್ಸಿನ ಕಿಟಕಿಯಿಂದ ಕೂಗುತ್ತಾರೆ. ಜನ್ಮದಲ್ಲಿ ಗಾಡಿ ಮುಟ್ಟದ ಮುದುಕಿ ಕೂಡ ತಲೆಯ ಮೇಲಿನ ಬುಟ್ಟಿ ಹಿಡಿದುಕೊಂಡು, ‘ಸ್ಟ್ಯಾಂಡ್ ಐತಿ ನೋಡೋ ಯಪ್ಪಾ’ ಅನ್ನುತ್ತಾಳೆ. ಹೊಲದ ಬದುವಿಗಾಗಿ ಮಾತು ಬಿಟ್ಟ ಅಣ್ಣತಮ್ಮಂದಿರು ಕೂಡ, ಹೆಸರು ಹಿಡಿಯದೆ, ಮುಖ ಆಚೆ ತಿರುಗಿಸಿಕೊಂಡಾದರೂ ‘ಸ್ಟ್ಯಾಂಡ್’ ಎಂದು ಹೇಳುವುದನ್ನು ನಾನು ಕಂಡಿದ್ದೇನೆ. ಕೇಳಿಸಿಕೊಂಡವರು ಹಿಮ್ಮಡಿಯಿಂದ ಅದನ್ನು ಮೇಲೆ ಒದ್ದು, ಒಂದು ಕೈ ಎತ್ತಿ ಮುಂದೆ ಹೋಗುತ್ತಾರೆ. ಅದಕ್ಕೆ ಯಾರೂ ಉಪಕಾರ ಅನ್ನುವುದಿಲ್ಲ. ಅಂಥ ಊರಿನಲ್ಲಿ ಇದ್ದುಕೊಂಡು ನಾನು —

ಇರಲಿ, ಮೊದಲಿನಿಂದ ಹೇಳುತ್ತೇನೆ.

ನಾನು ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ತವರು ಯಲಬುರ್ಗಾ ಕಡೆಯ ತಳಕಲ್. ಸಜ್ಜೆ ರೊಟ್ಟಿ, ಗುರೆಳ್ಳು ಹಿಂಡಿ ತಿಂದು ಬೆಳೆದವಳು. ವರ್ಗವಾಗಿ ಗಂಗಾವತಿಗೆ ಬಂದಾಗ ಇಲ್ಲಿನ ಹಸಿರು, ಕಾಲುವೆ, ಮೂರು ಹೊತ್ತೂ ಅನ್ನ — ಎಲ್ಲವೂ ಬೇರೆ ಸೀಮೆಯಂತೆ ಕಂಡಿತ್ತು. ಜೈತುನ್ ನಮ್ಮ ಹಿಂದಿನ ಓಣಿಯವಳು, ಮನೆಯಲ್ಲೇ ಜಂಪರ್ ಹೊಲಿಯುತ್ತಿದ್ದಳು. ಅವಳ ಗಂಡ ಮೆಹಬೂಬ್ ಭಾಯಿಯದು ಗಾದಿ ಅಂಗಡಿ. ದೊಡ್ಡ ಮಗಳು ನಾಜಿಯಾ ನಮ್ಮ ಶಾಲೆಯಲ್ಲೇ ಓದುತ್ತಿದ್ದಳು. ಅಳತೆ ಕೊಡಲು ಹೋದ ನಾನು ಅವಳ ಮಾತಿನ ರುಚಿಗೆ ಬಿದ್ದು ಅಲ್ಲೇ ಗಂಟೆಗಟ್ಟಲೆ ಕೂತುಬಿಡುತ್ತಿದ್ದೆ. ನನಗಿಂತ ಐದಾರು ವರ್ಷ ಚಿಕ್ಕವಳು, ನನಗಿಂತ ಹತ್ತು ಪಾಲು ಧೈರ್ಯದವಳು.

ಅವಳಿಗೆ ಸ್ಕೂಟಿ ಹೊಡೆಯುವುದನ್ನು ಕಲಿಸಿದ್ದು ನಾನೇ. ಇದನ್ನು ಒತ್ತಿ ಹೇಳುತ್ತಿದ್ದೇನೆ ನೋಡಿ — ಮುಂದಿನದ್ದೆಲ್ಲಾ ಇದರಿಂದಲೇ ಆಯಿತು. ಶಾಲೆಯ ಬಯಲಿನಲ್ಲಿ, ಸಂಜೆ, ಹಿಂದಿನ ಸೀಟು ಹಿಡಿದು ಓಡಿದವಳು ನಾನು. ಹೆಲ್ಮೆಟ್ ಹಾಕದಿದ್ದರೆ ಕೀಲಿ ಕೊಡುವುದಿಲ್ಲ ಎಂದು ಗದರಿಸಿದವಳೂ ನಾನೇ. ಮಕ್ಕಳಿಗೆ ರಸ್ತೆ ಸುರಕ್ಷತೆಯ ಪಾಠವನ್ನು ಬಾಯಿಪಾಠ ಮಾಡಿಸುತ್ತಿದ್ದ ಶಿಕ್ಷಕಿಯಲ್ಲವೇ, ಎಡ ಬಲ ನೋಡದೆ ಒಂದು ಹೆಜ್ಜೆ ಇಡುತ್ತಿರಲಿಲ್ಲ. ಅವಳೋ, ಹದಿನೈದು ದಿನದಲ್ಲಿ ನನ್ನನ್ನು ಹಿಂದೆ ಹಾಕಿದಳು, ತನ್ನದೇ ಒಂದು ಸ್ಕೂಟಿಯನ್ನೂ ಕೊಂಡಳು. ಹೊಲಿದ ಜಂಪರುಗಳನ್ನು ಮುಂದಿನ ಬುಟ್ಟಿಯಲ್ಲಿಟ್ಟುಕೊಂಡು ಸುತ್ತಲಿನ ಹಳ್ಳಿಗಳಿಗೆ ತಾನೇ ಹೋಗಿ ಕೊಟ್ಟು ಬರತೊಡಗಿದಳು. ಗಿರಾಕಿ ಹೆಚ್ಚಿದರು, ಅವಳ ನಡಿಗೆಯೇ ಬದಲಾಯಿತು.

ಆಮೇಲೆ ಶುರುವಾದವು ನಮ್ಮ ಭಾನುವಾರಗಳು.

ಅವನ್ನು ನೆನೆದರೆ ಈಗಲೂ ಬಾಯಲ್ಲಿ ನೀರೂರುತ್ತದೆ, ಕಣ್ಣಲ್ಲೂ. ನಮ್ಮ ಯಜಮಾನರಿಗೆ ಭಾನುವಾರ ಎಂದರೆ ನಿದ್ದೆ, ಮೆಹಬೂಬ್ ಭಾಯಿಗೆ ಅಂಗಡಿ. ನಾವಿಬ್ಬರೂ ಬೆಳಕು ಹರಿಯುವ ಹೊತ್ತಿಗೆ ನಮ್ಮ ನಮ್ಮ ಗಾಡಿ ತೆಗೆದು ಆನೆಗೊಂದಿ ರಸ್ತೆ ಹಿಡಿಯುತ್ತಿದ್ದೆವು. ಹನುಮನಹಳ್ಳಿಯ ಆಚೀಚೆ ಬಂಡೆಗಲ್ಲಿನ ಗುಡ್ಡಗಳಿಗೆ ಬರವೇ? ಯಾತ್ರಿಕರು ಅಂಜನಾದ್ರಿಯ ಮೆಟ್ಟಿಲು ಹತ್ತುತ್ತಿದ್ದರೆ ನಾವು ಹೆಸರಿಲ್ಲದ ಯಾವುದೋ ಗುಡ್ಡವನ್ನು ಚಪ್ಪಲಿ ಕೈಯಲ್ಲಿ ಹಿಡಿದು ಹತ್ತುತ್ತಿದ್ದೆವು. ‘ಈ ವಯಸ್ಸಿನಾಗ ಇವಕ್ಕೇನ್ ಹುಚ್ಚು’ ಎಂದು ದನ ಕಾಯುವವರು ನಗುತ್ತಿದ್ದರು. ಮೇಲೆ ಹೋಗಿ ಕೂತರೆ ಒಂದು ಕಡೆ ಹೊಳೆ, ಮತ್ತೊಂದು ಕಡೆ ಭತ್ತದ ಗದ್ದೆ, ನಡುವೆ ಬಾಳೆ. ಜೈತುನ್ ಡಬ್ಬಿಯಲ್ಲಿ ಖಿಚಡಿ ತಂದಿರುತ್ತಿದ್ದಳು, ಜೊತೆಗೆ ಹುಣಸೆ ಹುಳಿ ಎಳ್ಳು ಹಾಕಿದ ಖಟ್ಟಾ. ನನ್ನದು ಊರಿಂದ ತಂದಿಟ್ಟ ಕಟಿ ರೊಟ್ಟಿ, ಹಿಂಡಿ, ಮೊಸರು. ಅವಳು ನನ್ನ ರೊಟ್ಟಿ ಮುರಿದು ಖಟ್ಟಾದಲ್ಲಿ ಅದ್ದಿ ತಿನ್ನುತ್ತಿದ್ದಳು. ಹಾಗೆ ಯಾರಾದರೂ ತಿನ್ನುತ್ತಾರೆಯೇ ಎಂದು ನಾನು ಬೈಯುತ್ತಿದ್ದೆ. ಈಗ ನಾನು ಮನೆಯಲ್ಲಿ ಒಬ್ಬಳೇ ಇರುವಾಗ ಹಾಗೆಯೇ ತಿನ್ನುತ್ತೇನೆ.

ಅದೆಲ್ಲಕ್ಕಿಂತ ಮೊದಲು, ಹೋಗುವಾಗಲೇ, ರಸ್ತೆ ಬದಿಯ ಒಂದು ತಗಡಿನ ಅಂಗಡಿಯಲ್ಲಿ ಮಂಡಾಳ ಒಗ್ಗರಣೆ, ಮಿರ್ಚಿ. ನೀರಲ್ಲಿ ಅದ್ದಿ ಹಿಂಡಿದ ಮಂಡಕ್ಕಿಗೆ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ ಒಗ್ಗರಣೆ ಕೊಟ್ಟು, ಮೇಲೆ ಪುಟಾಣಿ ಹಿಟ್ಟು ಉದುರಿಸಿ, ಕಾಗದದ ಮೇಲೆ ಬಿಸಿಬಿಸಿ ಕೊಡುತ್ತಿದ್ದರು. ಜೈತುನ್ ಮಿರ್ಚಿಯ ತೊಟ್ಟು ಕೂಡ ಬಿಡುತ್ತಿರಲಿಲ್ಲ. ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ‘ಇನ್ನೊಂದು ಹಾಕ್ರಿ’ ಅನ್ನುವವಳು.

ಆ ಭಾನುವಾರವೂ ಅಲ್ಲೇ ನಿಂತಿದ್ದೆವು. ಭತ್ತದ ಸುಗ್ಗಿ. ಸುಗ್ಗಿಯಲ್ಲಿ ನಮ್ಮ ಕಡೆಯ ರಸ್ತೆ ಅರ್ಧ ರೈತರದು. ಡಾಂಬರಿನ ಮೇಲೆ ಭತ್ತ ಹರವಿ, ಗಾಡಿ ಹತ್ತದಿರಲಿ ಎಂದು ಸುತ್ತಲೂ ಕಲ್ಲಿಟ್ಟಿರುತ್ತಾರೆ. ಹಿಂದಿನ ವಾರ ಅಂಥದ್ದೊಂದು ಕಡೆ ಎದುರಿಗೆ ಟ್ರ್ಯಾಕ್ಟರ್ ಬಂದಾಗ ನಾನು ಹೆದರಿ, ಇಳಿದು, ಸ್ಕೂಟಿಯನ್ನು ತಳ್ಳಿಕೊಂಡೇ ದಾಟಿದ್ದೆ. ಅಂಗಡಿಯಲ್ಲಿ ಅವತ್ತು ನಮ್ಮ ಶಾಲೆಯ ಇನ್ನೊಬ್ಬ ಶಿಕ್ಷಕರು ಮನೆಯವರೊಂದಿಗೆ ಬಂದಿದ್ದರು. ಮಾತಿಗೆ ಮಾತು ಬಂತು, ನೀವು ಗಾಡಿ ಮೇಲೆ ಬಂದಿರೇನು ಎಂದು ಅವರು ಕೇಳಿದರು. ಜೈತುನ್ ಮಿರ್ಚಿ ಕಚ್ಚುತ್ತಲೇ ಅಂದಳು:

“ನಮ್ಮ ಅಕ್ಕ ಗಾಡಿ ಹೊಡಿಯಂಗಿಲ್ರಿ. ಗಾಡೀನ ಕೈ ಹಿಡದು ನಡಿಸ್ಕೊಂಡು ಹೊಕ್ಕಾಳ.”

ಎಲ್ಲರೂ ನಕ್ಕರು. ಅಂಗಡಿಯವನೂ ಎಣ್ಣೆಯೊಳಗಿನ ಜಾಲರಿ ಹಾಗೇ ಹಿಡಿದು ನಕ್ಕ. ನಾನೂ ನಕ್ಕೆ — ನಗಬೇಕಾಯಿತು. ಅವಳು ಅಲ್ಲಿಗೂ ಬಿಡಲಿಲ್ಲ. ನಾನು ಸೀರೆ ಎತ್ತಿ ಸಿಕ್ಕಿಸಿಕೊಂಡು ಹೇಗೆ ತಳ್ಳಿದೆ, ಟ್ರ್ಯಾಕ್ಟರಿನವನು ಹೇಗೆ ಕೈ ಮುಗಿದ, ಎಲ್ಲವನ್ನೂ ಮಾಡಿ ತೋರಿಸಿದಳು. ಕೆಟ್ಟ ಮನಸ್ಸಿನಿಂದಲ್ಲ. ಅವಳು ತನ್ನನ್ನೂ ಹಾಗೆಯೇ ಆಡಿಕೊಳ್ಳುವವಳು. ನನಗೆ ಮಾತ್ರ ಮೈಯೆಲ್ಲಾ ಉರಿಯಿತು. ನಾನು ಕಲಿಸಿದವಳು — ಸೀಟು ಹಿಡಿದು ಓಡಿದವಳು ನಾನು — ನನ್ನ ಸಹೋದ್ಯೋಗಿಯ ಮುಂದೆ ನನ್ನನ್ನೇ — ಛೇ, ಈಗ ಬರೆಯುವಾಗ ಎಷ್ಟು ಸಣ್ಣದೆನಿಸುತ್ತದೆ. ಅವತ್ತು ಅದು ಸಣ್ಣದಾಗಿರಲಿಲ್ಲ.

ಅವಳು ಮೊದಲು ಹೊರಟಳು. ‘ಬಾರಕ್ಕಾ, ಸೂರ್ಯ ನೆತ್ತಿಗೆ ಬರೂತನಾ ಕೈ ತೊಳಿತಿಯೇನು’ ಎಂದು ಕೂಗಿ, ಗಾಡಿ ಚಾಲೂ ಮಾಡಿ ರಸ್ತೆಗೆ ಇಳಿದಳು. ನಾನು ಹೆಲ್ಮೆಟ್ಟಿನ ಪಟ್ಟಿ ಹಾಕಿಕೊಳ್ಳುತ್ತಾ ನೋಡಿದೆ. ಸ್ಟ್ಯಾಂಡು ಇಳಿದಿತ್ತು.

ಬಾಯಿ ತೆರೆದೆ. ತೆರೆದದ್ದು ನನಗೆ ಚೆನ್ನಾಗಿ ನೆನಪಿದೆ. ಮರುಕ್ಷಣ ಮುಚ್ಚಿದೆ. ಇಷ್ಟು ಜೋರಿನವಳಿಗೆ ಯಾರಾದರೂ ಹೇಳಲಿ — ದಾರಿಯಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ — ನಾಲ್ಕು ಜನರ ಮುಂದೆ ಒಮ್ಮೆ ಇವಳ ಮುಖವೂ ಸಣ್ಣದಾಗಲಿ. ಗುಡ್ಡದ ಮೇಲೆ ಕೂತಾಗ ನಾನೂ ಆಡಿಕೊಂಡು ನಗಬಹುದು. ಇದೇ ನನ್ನ ಲೆಕ್ಕ. ಬೀಳಲಿ ಎಂದು ನಾನು ಬಯಸಲಿಲ್ಲ, ದೇವರಾಣೆ. ಆದರೆ ಬೀಳಬಹುದು ಎಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಎಡಕ್ಕೆ ಗಾಡಿ ವಾಲಿದರೆ ಸ್ಟ್ಯಾಂಡು ನೆಲಕ್ಕೆ ತಾಗುತ್ತದೆ ಎಂದು ಅವಳಿಗೆ ಕಲಿಸಿದ್ದೇ ನಾನು.

ನಾನು ಅವಳ ಹಿಂದೆಯೇ ಹೊರಟೆ. ಕಾಲುವೆಯ ಸೇತುವೆ ದಾಟಿದೆವು. ಭತ್ತ ಹರವಿದ ಜಾಗ ದಾಟಿದೆವು. ಅಲ್ಲಿ ಭತ್ತ ತಿರುವಲು ಯಾರಾದರೂ ಇರುತ್ತಿದ್ದರು, ಅವತ್ತು ಇನ್ನೂ ಬಂದಿರಲಿಲ್ಲ. ಎದುರಿನಿಂದ ಹಾಲಿನ ಕ್ಯಾನು ಕಟ್ಟಿಕೊಂಡ ಒಬ್ಬ ಬೈಕಿನವನು ಬಂದ. ಹಾರ್ನ್ ಹೊಡೆದು, ಕೈಯನ್ನು ಕೆಳಗೆ ಮಾಡಿ ತೋರಿಸುತ್ತಾ ಏನೋ ಕೂಗಿದ. ಜೈತುನ್ ಅವನು ತನಗೆ ಕೈ ಬೀಸಿದನೆಂದು ತಿಳಿದು, ತಾನೂ ಕೈ ಎತ್ತಿ ಬೀಸಿದಳು. ಪರಿಚಯದವರಿರಲಿ ಬಿಡಲಿ, ದಾರಿಯಲ್ಲಿ ಎಲ್ಲರಿಗೂ ಕೈ ಬೀಸುವ ಹೆಣ್ಣು ಅದು. ನನಗೆ ನಗು ಬಂತು. ಹೌದು, ನಕ್ಕೆ. ಆಗಲಾದರೂ ಒಂದು ಹಾರ್ನ್ ಹೊಡೆದು, ಪಕ್ಕಕ್ಕೆ ಹೋಗಿ ಹೇಳಬಹುದಿತ್ತು. ಇನ್ನೊಬ್ಬರು ಹೇಳುತ್ತಾರೆ ಬಿಡು ಅಂದುಕೊಂಡೆ.

ಇನ್ನೊಬ್ಬರು ಸಿಗಲಿಲ್ಲ. ಬಾಳೆತೋಟದ ಹತ್ತಿರ ರಸ್ತೆ ಎಡಕ್ಕೆ ತಿರುಗುತ್ತದೆ. ಅಲ್ಲಿ ಅವಳು ಗಾಡಿ ವಾಲಿಸಿದಳು. ಕರ್ರ್ ಎಂದು ಡಾಂಬರಿಗೆ ಕಬ್ಬಿಣ ಉಜ್ಜಿದ ಸದ್ದು — ಆಮೇಲೆ ಗಾಡಿ ಒಂದು ಕಡೆ, ಅವಳು ಒಂದು ಕಡೆ. ಖಿಚಡಿಯ ಡಬ್ಬಿ ಬಾಯಿ ತೆರೆದು ರಸ್ತೆ ತುಂಬ. ಹೆಲ್ಮೆಟ್ ಇದ್ದದ್ದಕ್ಕೆ ತಲೆ ಉಳಿಯಿತು. ಎಡಗಾಲು ಮೊಣಕಾಲಿನ ಕೆಳಗೆ ಮುರಿದಿತ್ತು. ನಾನು ಓಡಿ ಹೋಗಿ ತೊಡೆಯ ಮೇಲೆ ಅವಳ ತಲೆ ಇಟ್ಟುಕೊಂಡೆ. ಅವಳು ಬಿದ್ದ ಗಾಡಿಯ ಕಡೆ ನೋಡಿ, ‘ಅಯ್ಯ, ಸ್ಟ್ಯಾಂಡ್ ಬಿಟ್ಟಿದ್ದೆನಲ್ಲಕ್ಕಾ’ ಅಂದಳು. ನಾನು ಸೆರಗಿನಿಂದ ಅವಳ ಮುಖದ ಧೂಳು ಒರೆಸಿದೆ.

ಆಸ್ಪತ್ರೆಗೆ ಮೆಹಬೂಬ್ ಭಾಯಿ ಮೈಮೇಲೆ ಅಂಟಿದ ಹತ್ತಿಯನ್ನೂ ಕೊಡವದೆ ಓಡಿ ಬಂದ. ಹೆಂಡತಿಯ ಕಾಲು ನೋಡಿ ಗೋಡೆಗೆ ಒರಗಿ ನಿಂತುಬಿಟ್ಟ. ಸ್ವಲ್ಪ ಸುಧಾರಿಸಿಕೊಂಡು ನನ್ನ ಕಡೆ ತಿರುಗಿದ. ಸಿಟ್ಟಿನಿಂದ ಕೇಳಲಿಲ್ಲ, ಪಾಪ, ಅರ್ಥ ಮಾಡಿಕೊಳ್ಳಲು ಕೇಳಿದ.

“ಟೀಚರ್, ಸ್ಟ್ಯಾಂಡ್ ಬಿಟ್ಟಿದ್ದು ನೀವಾರ ನೋಡಲಿಲ್ಲೇನ್ರಿ?”

“ನಾ ಮುಂದ ಇದ್ದೆನ್ರಿ,” ಅಂದೆ.

ಎಷ್ಟು ಸಲೀಸಾಗಿ ಬಂತು ಸುಳ್ಳು! ಜೈತುನ್ ಅಲ್ಲೇ ಮಲಗಿದ್ದಳು. ನಾನು ಹಿಂದಿದ್ದೆ ಎಂದು ಅವಳಿಗೆ ಗೊತ್ತಿತ್ತು, ಗೊತ್ತಿರಲೇಬೇಕು. ಅವಳು ಕಣ್ಣು ತೆರೆಯದೆ, ನೋವಿನಲ್ಲಿ ಹಲ್ಲು ಕಚ್ಚಿಕೊಂಡೇ ಗಂಡನಿಗೆ ಹೇಳಿದಳು:

“ಹೌದು. ಅಕ್ಕ ಮುಂದಿದ್ಲು. ಆಕೀಗೆ ಏನೂ ಅನಬ್ಯಾಡ್ರಿ.”

ಆ ಮಾತು ನನ್ನನ್ನು ಉಳಿಸಿತು. ಆ ಮಾತೇ ನನ್ನನ್ನು ಇಷ್ಟು ವರ್ಷ ಸುಟ್ಟಿತು. ಅವಳು ಯಾಕೆ ಹಾಗೆ ಹೇಳಿದಳೆಂದು ನಾನು ಕೇಳಲಿಲ್ಲ. ಕೇಳಿದರೆ ನಾನು ಯಾಕೆ ಹಾಗೆ ಹೇಳಿದೆನೆಂದು ಅವಳು ಕೇಳಿಯಾಳು ಎಂಬ ಭಯ.

ಕಾಲಿಗೆ ರಾಡು ಹಾಕಿದರು. ಕೂಡಿತು, ಆದರೆ ಮೊದಲಿನಂತೆ ಅಲ್ಲ. ಸಮನೆಲದಲ್ಲಿ ಗೊತ್ತಾಗುವುದಿಲ್ಲ, ಮೆಟ್ಟಿಲಿಗೆ ಬಂದರೆ ಗೋಡೆ ಹಿಡಿಯುತ್ತಾಳೆ. ಗುಡ್ಡದ ಮಾತು ಮುಗಿಯಿತು. ಸ್ಕೂಟಿಯನ್ನು ಮೆಹಬೂಬ್ ಭಾಯಿ ಯಾರಿಗೋ ಕೊಟ್ಟುಬಿಟ್ಟ. ಗದರಿ ಅಲ್ಲ, ಪ್ರೀತಿಯಿಂದಲೇ, ನಿನಗೆ ಮರೆವು ಹೆಚ್ಚು, ಬೇಡ ಎಂದನಂತೆ. ಹಳ್ಳಿಯ ಗಿರಾಕಿಗಳು ಒಬ್ಬೊಬ್ಬರಾಗಿ ತಪ್ಪಿದರು.

ಇದಿಷ್ಟೇ ಆಗಿದ್ದರೆ ಹೇಗೋ ಅರಗಿಸಿಕೊಳ್ಳುತ್ತಿದ್ದೆನೋ ಏನೋ. ನಾನು ಅಂಥವಳೇ. ಆದರೆ ಅವರ ಮನೆಯಲ್ಲಿ ಒಂದು ಹೊಸ ಮಾತು ಹುಟ್ಟಿಕೊಂಡಿತು. ಒಲೆಯ ಮೇಲೆ ಹಾಲು ಉಕ್ಕಿದರೆ, ಸೂಜಿ ಎಲ್ಲಿಟ್ಟೆನೆಂದು ಜೈತುನ್ ಹುಡುಕಿದರೆ, ಮಕ್ಕಳು ‘ಅಮ್ಮೀ, ಸ್ಟ್ಯಾಂಡ್’ ಎಂದು ಕೂಗುತ್ತಿದ್ದರು. ಎಲ್ಲರೂ ನಗುತ್ತಿದ್ದರು, ಎಲ್ಲರಿಗಿಂತ ಮೊದಲು ಅವಳೇ. ಬರಬರುತ್ತಾ ಆ ನಗು ಅವಳ ಮುಖದಿಂದ ಹೋಯಿತು, ಮಾತು ಮಾತ್ರ ಉಳಿಯಿತು. ಗ್ಯಾಸ್ ಆರಿಸಿದ್ದೇನೆಯೇ ಎಂದು ಮತ್ತೆ ಮತ್ತೆ ಎದ್ದು ಹೋಗಿ ನೋಡುವಳು. ಕತ್ತರಿ ಹಾಕುವ ಮುಂಚೆ ಅಳತೆಯನ್ನು ನಾಜಿಯಾಳಿಂದ ಓದಿಸುವಳು. ಒಮ್ಮೆ ನನ್ನ ಜಂಪರಿನ ಅಳತೆ ಹಿಡಿಯುತ್ತಾ, ‘ನನ್ನ ತಲಿ ಮ್ಯಾಲ ನನಗ ನಂಬಿಕಿಲ್ಲಕ್ಕಾ, ನೀನ ಒಂದ್ಸಲ ನೋಡು’ ಎಂದು ಟೇಪು ನನ್ನ ಕೈಗೆ ಕೊಟ್ಟಳು. ನಾನು ನೋಡಿದೆ. ಸರಿಯಾಗಿಯೇ ಇತ್ತು. ಸರಿ ಇದೆ ಎಂದು ಹೇಳಿ ಮನೆಗೆ ಬಂದು, ಬಚ್ಚಲಿನ ಬಾಗಿಲು ಹಾಕಿಕೊಂಡು ಅತ್ತೆ. ಅತ್ತು ಮುಖ ತೊಳೆದು ರಾತ್ರಿಯ ಅಡುಗೆಗೆ ಇಟ್ಟೆ.

ಎಲ್ಲರೂ ಮರೆಯುತ್ತಾರೆ. ನಾನು ಎಷ್ಟು ಸಲ ಸ್ಟ್ಯಾಂಡು ಬಿಟ್ಟು ಹೊರಟಿಲ್ಲ! ಪ್ರತಿಸಲವೂ ಯಾರೋ ಕೂಗಿದ್ದಾರೆ, ಬಚಾವಾಗಿದ್ದೇನೆ. ಅವಳೂ ಎಲ್ಲರ ಹಾಗೆ ಮರೆತಿದ್ದಳು. ಅವಳ ತಲೆಯಲ್ಲಿ ಏನೂ ಕೆಟ್ಟಿರಲಿಲ್ಲ. ಅದನ್ನು ಹೇಳಬಲ್ಲವಳು ಈ ಭೂಮಿಯ ಮೇಲೆ ನಾನೊಬ್ಬಳೇ, ಹೇಳಬೇಕೆಂದರೆ ನಾನು ಏನೆಂಬುದನ್ನೂ ಹೇಳಬೇಕಿತ್ತು. ಈದ್‌ಗೆ ಹೋದೆ, ಹಬ್ಬಕ್ಕೆ ಹೋಳಿಗೆ ಕಳಿಸಿದೆ, ನಾಜಿಯಾಳಿಗೆ ಗಣಿತ ಹೇಳಿಕೊಟ್ಟೆ. ಹೇಳಬೇಕಾದ್ದೊಂದನ್ನು ಬಿಟ್ಟು ಎಲ್ಲವನ್ನೂ ಮಾಡಿದೆ.

ಈ ವರ್ಷ ನಾಜಿಯಾಳಿಗೆ ಕಾರಟಗಿಯ ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕದ ಕೆಲಸ ಸಿಕ್ಕಿತು. ಗಿರಣಿ ಊರ ಹೊರಗೆ. ಬಸ್ಸಿಳಿದು ಲಾರಿಗಳ ನಡುವೆ ಬಹಳ ದೂರ ನಡೆಯಬೇಕು. ಸ್ಕೂಟಿ ಕೊಡಿಸಿ ಎಂದು ಹುಡುಗಿ ಹಟ ಹಿಡಿದಳು. ಮೆಹಬೂಬ್ ಭಾಯಿ ಒಪ್ಪಿದ. ಒಪ್ಪದವಳು ಜೈತುನ್. ಕಡೆಗೆ ಹುಡುಗಿ ನನ್ನ ಬಳಿ ಬಂದಳು. ಟೀಚರ್, ನೀವೊಮ್ಮೆ ಹೇಳಿದರೆ ಅಮ್ಮಿ ಕೇಳುತ್ತಾಳೆ, ಹೊಸ ಗಾಡಿಗಳು ಸ್ಟ್ಯಾಂಡು ಇಳಿದಿದ್ದರೆ ಚಾಲೂನೇ ಆಗುವುದಿಲ್ಲ ಎಂದು ಹೇಳಿ ಎಂದಳು. ಹೋದೆ. ಜೈತುನ್ ಮಷಿನ್ ಮುಂದೆ ಕೂತಿದ್ದಳು. ನಾನು ಹೊಸ ಗಾಡಿಯ ಗುಣಗಾನ ಮಾಡಿದೆ. ಅವಳು ತಲೆ ಎತ್ತಲಿಲ್ಲ.

“ಗಾಡಿಗೆ ನೆನಪಿದ್ರ ಆತೇನಕ್ಕಾ? ಅಕಿ ನನ್ನ ಮಗಳು. ನನ್ನ ತಲೀನ ಅಕೀಗೂ ಬಂದಿರ್ತೈತಿ.”

ನಾಜಿಯಾ ಚಹಾದ ಕಪ್ಪು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಆ ಹುಡುಗಿಯ ಮುಖ ನೋಡಿದೆ. ಲೆಕ್ಕದಲ್ಲಿ ಒಂದು ಸೊನ್ನೆ ತಪ್ಪದ ಹುಡುಗಿ. ತಾಯಿಯ ಮಾತಿಗೆ ತಲೆ ತಗ್ಗಿಸಿಬಿಟ್ಟಿದ್ದಳು, ಇದ್ದರೂ ಇರಬಹುದು ಎಂಬಂತೆ. ನನ್ನ ಸುಳ್ಳು ಒಂದು ತಲೆಮಾರು ದಾಟುತ್ತಿತ್ತು. ಇನ್ನು ತಡೆಯಲಾಗಲಿಲ್ಲ.

ಹೇಳಿದೆ. ಅಂಗಡಿಯ ನಗು, ನನ್ನ ಸಿಟ್ಟು, ತೆರೆದು ಮುಚ್ಚಿದ ಬಾಯಿ, ಆಸ್ಪತ್ರೆಯ ಸುಳ್ಳು — ಮಗಳ ಮುಂದೆಯೇ, ಏನನ್ನೂ ಬಿಡದೆ. ಮಷಿನ್ ನಿಂತಿತು. ಜೈತುನ್ ಬಟ್ಟೆಯನ್ನು ಸೂಜಿಯಿಂದ ಬಿಡಿಸಿ, ಮಡಚಿ, ಪಕ್ಕಕ್ಕಿಟ್ಟಳು. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿ ಎಂದು ಕಾದೆ. ಅವಳು ಒಂದು ಪ್ರಶ್ನೆ ಕೇಳಿದಳು.

“ಎಲ್ಲಿಂದ ನೋಡ್ಕೋತ ಬಂದಿ?”

“ಅಂಗಡಿಯಿಂದ,” ಅಂದೆ.

ಅವಳ ಕಣ್ಣು ಗೋಡೆಯ ಮೇಲೆ ನಿಂತಿತು. ಆ ದಾರಿಯನ್ನು ಅವಳು ಮನಸ್ಸಿನೊಳಗೆ ಮತ್ತೊಮ್ಮೆ ಹೋಗುತ್ತಿದ್ದಾಳೆ ಎಂದು ನನಗೆ ತಿಳಿಯಿತು — ಸೇತುವೆ, ಭತ್ತ, ಬಾಳೆತೋಟ.

“ಆ ಹಾಲಿನಂವ ಕೈ ತೋರಿಸಿದ್ನಲ್ಲ... ಅವಾಗೂ?”

“ಅವಾಗೂ.”

ಆಮೇಲೆ ಅವಳೇ ಹೇಳಿದಳು, ನನಗಲ್ಲ, ತನಗೆ ತಾನೇ ಎಂಬಂತೆ: ‘ಹಿಂದಿದ್ದಿ ಅಂತ ಗೊತ್ತಿತ್ತು ನನಗ. ಮಂದಿ ಏನಾರ ಅಂದಾರು ಅಂತ ಅಂಜಿ ಹಂಗ ಅಂದಿ ಅಂದ್ಕೊಂಡಿದ್ದೆ.’ ನಾನು ಅವಳ ಕೈ ಹಿಡಿಯಲು ಹೋದೆ. ಅವಳು ಕೈಯನ್ನು ಕಿತ್ತುಕೊಳ್ಳಲಿಲ್ಲ, ಮೆಲ್ಲಗೆ ತನ್ನ ತೊಡೆಯ ಮೇಲೆ ತೆಗೆದಿಟ್ಟುಕೊಂಡಳು. ಮಗಳ ಕಡೆ ತಿರುಗಿ, ನಾಳೆ ಅಬ್ಬಾನ ಜೊತೆ ಹೋಗಿ ಗಾಡಿ ನೋಡಿಕೊಂಡು ಬಾ ಎಂದಳು. ಆಮೇಲೆ ನಾಜಿಯಾ ನನ್ನ ಮುಂದೆ ತಂದಿಟ್ಟಿದ್ದ ಕಪ್ಪನ್ನು ನೋಡಿದಳು.

“ಚಾ ಆರಾಕ ಹತ್ತೈತಿ ಅಕ್ಕೋರ. ಕುಡೀರಿ.”

ಅಕ್ಕೋರು. ನಮ್ಮ ಕಡೆ ಮಕ್ಕಳ ತಂದೆತಾಯಿ ಶಾಲೆಯ ಗೇಟಿನಲ್ಲಿ ನಿಂತು ಶಿಕ್ಷಕಿಯನ್ನು ಕರೆಯುವ ಮರ್ಯಾದೆಯ ಮಾತು. ಊರಿನ ಎಷ್ಟೋ ಜನ ನನ್ನನ್ನು ಹಾಗೆಯೇ ಕರೆಯುತ್ತಾರೆ. ಅವಳ ಬಾಯಲ್ಲಿ ಆ ಮಾತನ್ನೂ, ಆ ‘ರಿ’ಯನ್ನೂ ಕೇಳಿದಾಗ ನನಗೆ ತಲೆಯ ಮೇಲೆ ಹೊಡೆದಂತಾಯಿತು. ಕೂಗಾಡಿದ್ದರೆ, ಮನೆಯಿಂದ ಆಚೆ ನಡಿ ಅಂದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಚಹಾ ಕುಡಿದೆ. ಕಪ್ಪು ಇಟ್ಟು ಎದ್ದು ಬಂದೆ.

ನಾಜಿಯಾ ಈಗ ದಿನಾ ಗಾಡಿಯ ಮೇಲೆ ಕಾರಟಗಿಗೆ ಹೋಗುತ್ತಾಳೆ. ಅವರ ಮನೆಯಲ್ಲಿ ಆ ಕುಚೋದ್ಯದ ಮಾತು ನಿಂತಿದೆಯಂತೆ. ಜೈತುನ್ ಅಳತೆಯನ್ನು ಯಾರಿಂದಲೂ ಓದಿಸುವುದಿಲ್ಲವಂತೆ. ಕೇಳಿ ಸಂತೋಷಪಟ್ಟೆ, ಸಂತೋಷಪಡುವ ಹಕ್ಕು ನನಗಿಲ್ಲವೆಂದು ಗೊತ್ತಿದ್ದರೂ. ಕ್ಷಮಿಸು ಎಂದು ನಾನು ಕೇಳಿಲ್ಲ. ಕೇಳಿದರೆ ಅವಳು ಕ್ಷಮಿಸಿಬಿಡುತ್ತಾಳೆ, ಆಸ್ಪತ್ರೆಯಲ್ಲಿ ಮಾಡಿದ ಹಾಗೆ — ಹಲ್ಲು ಕಚ್ಚಿಕೊಂಡು, ನನ್ನನ್ನು ಉಳಿಸುವುದಕ್ಕಾಗಿ. ಅದನ್ನು ಅವಳಿಂದ ಇನ್ನೊಮ್ಮೆ ಮಾಡಿಸಲಾರೆ.

ಸಂತೆಯಲ್ಲಿ, ಓಣಿಯ ತಿರುವಿನಲ್ಲಿ ಈಗಲೂ ಎದುರಾಗುತ್ತೇವೆ. ಅವಳೇ ಮೊದಲು ಮಾತಾಡಿಸುತ್ತಾಳೆ, ಆರಾಮದೀರೇನ್ರಿ ಅಕ್ಕೋರ ಎಂದು.

ಹ್ಞೂಂ ಜೈತುನ್, ಆರಾಮ, ಅನ್ನುತ್ತೇನೆ.